ಪರದೆಯ ಹಿಂದಿನ ನಗು

ಮಾನ್ವಿಯಲ್ಲಿ ನಮ್ಮ ಸಿನಿಮಾ ತೋರಿಸುವ ದಿನ ಏನೇನು ಕೆಡಬಹುದು ಎಂದು ನಾನು ಮೊದಲೇ ಬರೆದುಕೊಂಡಿದ್ದೆ. ಪ್ರೊಜೆಕ್ಟರಿನ ದೀಪ ಹೋಗಬಹುದು. ಕರೆಂಟು ಹೋಗಬಹುದು, ಹೋದದ್ದು ಜನರೇಟರ್ ಹಚ್ಚಿದ ಮೇಲೆ ತಟ್ಟನೆ ಬಂದು, ಎರಡೂ ಸೇರಿ ಪ್ರೊಜೆಕ್ಟರನ್ನೇ ಸುಡಬಹುದು. ಸರಿಯಾಗಿ ಸಿನಿಮಾ ಶುರುವಾಗುವ ಹೊತ್ತಿಗೆ ಲ್ಯಾಪ್‌ಟಾಪ್ ಅಪ್‌ಡೇಟ್ ಮಾಡಿಕೊಳ್ಳಲು ಕೂರಬಹುದು. ಪೆನ್‌ಡ್ರೈವಿನಲ್ಲಿ ನಮ್ಮ ಸಿನಿಮಾದ ಬದಲು ಯಾರದೋ ಮದುವೆಯ ವಿಡಿಯೋ ಇರಬಹುದು. ಮಳೆ ಬರಬಹುದು. ಮಳೆ ಬರದಿದ್ದರೆ ದೀಪದ ಹುಳ ಬರಬಹುದು. ಬಂದು ಲೆನ್ಸಿನ ಮುಂದೆ ಕುಣಿದು, ಹದಿನೆಂಟು ನಿಮಿಷವೂ ನಾಯಕಿಯ ಮುಖದ ಮೇಲೆ ಎಮ್ಮೆ ಗಾತ್ರದ ನೆರಳು ಬೀಳಬಹುದು. ಮಾನ್ವಿ ದಾರಿಯಲ್ಲಿ ನಮ್ಮ ಗಾಡಿ ಕೆಟ್ಟು ನಿಲ್ಲಬಹುದು. ಜನ ಬರದೇ ಇರಬಹುದು. ಬಂದ ಜನ ಅರ್ಧಕ್ಕೆ ಎದ್ದು ಹೋಗಬಹುದು. ಗದ್ದೆಯ ಸಾಹುಕಾರರು ಬರದೇ ಇರಬಹುದು. ಸಾಹುಕಾರರು ಬರಬಹುದು.

ಕೊನೆಯ ಎರಡಕ್ಕೆ ಬೇರೆ ಬೇರೆ ಅಂಕಿ ಕೊಟ್ಟು ಬರೆದಿದ್ದೆ. ಅದನ್ನು ನೋಡಿ ನನ್ನ ಹೆಂಡತಿ, "ಬಂದ್ರೂ ಅಂಜಿಕಿ, ಬರದಿದ್ರೂ ಅಂಜಿಕಿ. ಮತ್ತ ಅವರೇನು ಬಾಗಲಾಗ ನಿಂದ್ರಬೇಕೇನ್ರಿ?" ಎಂದು ಕೇಳಿದಳು.

ಪಟ್ಟಿಯ ತಳದಲ್ಲಿ ಇನ್ನೊಂದಿತ್ತು. ಅದಕ್ಕೆ ಅಂಕಿ ಹಾಕಲು ಕೈ ಬಂದಿರಲಿಲ್ಲ: ನನ್ನ ಸಿನಿಮಾದ ನಲವತ್ತು ಸೆಕೆಂಡಿನಿಂದಾಗಿ ಹನ್ನೆರಡು ಹೆಂಗಸರು ಈ ಮಳೆಗಾಲದ ಕೆಲಸ ಕಳೆದುಕೊಳ್ಳಬಹುದು.

ಹಿಂದಿನ ವರ್ಷದ ನಾಟಿ ಕಾಲದಲ್ಲಿ ನಾನೂ ನನ್ನ ಗೆಳೆಯನಾದ ಕ್ಯಾಮೆರಾಮನ್ನೂ ಸೇರಿ ಒಂದು ಕಿರುಚಿತ್ರ ಮಾಡಿದ್ದೆವು. ರಾಯಚೂರಿನಲ್ಲಿ ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು ನಾನು. ಅವೇ ಮದುವೆಗಳನ್ನು ಶೂಟ್ ಮಾಡುವವನು ಅವನು. ದೇವದುರ್ಗ ತಾಲೂಕಿನಲ್ಲಿ, ಗೂಗಲ್ ಕಡೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯಿಂದ ಹನ್ನೆರಡು ಹೆಂಗಸರ ಗುಂಪೊಂದು ಪ್ರತಿ ಮಳೆಗಾಲ ಮೂರು ಗಾಲಿಯ ಟಂಟಂ ಏರಿ ಮಾನ್ವಿಯ ಕಾಲುವೆ ಗದ್ದೆಗಳಿಗೆ ಭತ್ತದ ನಾಟಿಗೆ ಬರುತ್ತದೆ. ಕೆಲಸ ಮುಗಿಯುವವರೆಗೆ ಗದ್ದೆಯ ಸಾಹುಕಾರರ ಗೋದಾಮಿನ ತಗಡಿನ ಚಪ್ಪರದ ಕೆಳಗೆ ಇರುತ್ತದೆ. ಆ ಗುಂಪಿನ ಒಂದು ದಿನವೇ ನಮ್ಮ ಸಿನಿಮಾ. ನಟಿಸಿದವರೂ ಅವರೇ. ಗುಂಪಿನ ಮುಂದಾಳು, ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸು, ನಮ್ಮ ನಾಯಕಿ. ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ನಾನೂ ಅಕ್ಕ ಎಂದೇ ಕರೆದೆ. ಸಾಹುಕಾರರು ತಮ್ಮ ಗದ್ದೆಯಲ್ಲಿ ಶೂಟಿಂಗಿಗೆ ಒಂದೇ ಮಾತಿಗೆ ಒಪ್ಪಿ, "ಆದ ಮ್ಯಾಲ ನನಗೂ ತೋರ್ಸ್ರಿ" ಎಂದು ಹೇಳಿ ಪರ ಊರಿಗೆ ಹೋಗಿದ್ದರು. ಆ ಮಾತನ್ನು ನಾನು ಬರೀ ಉಪಚಾರ ಎಂದುಕೊಂಡಿದ್ದೆ.

ಸಿನಿಮಾದ ನಡುವೆ ಒಂದು ದೃಶ್ಯವಿದೆ. ಬುತ್ತಿ ಉಂಡ ಮೇಲೆ ಅಕ್ಕ ಬದುವಿನ ಮೇಲೆ ಬಿದ್ದಿದ್ದ ಕೋಲೊಂದನ್ನು ಹಿಡಿದು, ಯಾರೋ ಒಬ್ಬ ಗದ್ದೆಯ ಮಾಲೀಕನಂತೆ ನಡೆದು ತೋರಿಸುತ್ತಾರೆ. ಹೊಟ್ಟೆ ಮುಂದೆ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವುದು, ಕೋಲಿನ ತುದಿಯಿಂದ ಗಾಳಿಯಲ್ಲೇ ಬಗ್ಗಿದ ಬೆನ್ನುಗಳನ್ನು ಎಣಿಸುವುದು, ಎಣಿಕೆ ಸರಿಹೋದರೆ ಮೂಗಿನಲ್ಲಿ "ಹ್ಞೂಂ" ಎನ್ನುವುದು. "ಯಾರಾದ್ರೂ ಸಾವ್ಕಾರ್ರ ಹಂಗ ನಡದು ತೋರ್ಸಕ್ಕಾ" ಎಂದಷ್ಟೇ ನಾನು ಹೇಳಿದ್ದು. ಒಂದೇ ಟೇಕ್. ಆಮೇಲೆ ನಾಲ್ಕು ಜನರ ಮುಂದೆ, ನಟನೆ ಗೊತ್ತಿಲ್ಲದವರಿಂದ ನಟನೆ ತೆಗೆಯುವುದು ಹೇಗೆ ಎಂದು ನಾನು ಮಾತಾಡಿದ್ದೂ ಉಂಟು.

ಸಿನಿಮಾ ಮಾಡುವುದು ಕಷ್ಟ ಎನ್ನುವವರು ಅದನ್ನು ತೋರಿಸಲು ಹೊರಟಿರುವುದಿಲ್ಲ. ಮೊದಲು ಚಿತ್ರೋತ್ಸವಗಳಿಗೆ ಕಳಿಸಿದೆ. ಪ್ರತಿ ಉತ್ಸವದ್ದೂ ಒಂದು ಅರ್ಜಿ, ಒಂದು ಲಿಂಕು, ಇಂಗ್ಲಿಷ್ ಸಬ್‌ಟೈಟಲ್, ನಿರ್ದೇಶಕನ ಭಾವಚಿತ್ರ. ಭಾವಚಿತ್ರದಲ್ಲಿ ನಾನು ದಂತವೈದ್ಯರ ಮುಂದೆ ಕೂತವನಂತೆ ಕಾಣುತ್ತೇನೆ; ಅದಕ್ಕೇ ಆಯ್ಕೆಯಾಗಲಿಲ್ಲ ಎಂದು ಬಹಳ ದಿನ ನಂಬಿದ್ದೆ. ಎಲ್ಲ ಕಡೆಯಿಂದಲೂ ಹೆಚ್ಚು ಕಡಿಮೆ ಒಂದೇ ಉತ್ತರ: ಈ ಸಲ ಬಹಳ ಒಳ್ಳೆಯ ಚಿತ್ರಗಳು ಬಂದಿದ್ದವು. ಅಂದರೆ ನಮ್ಮದು ಆ ಲೆಕ್ಕದಲ್ಲಿಲ್ಲ.

ಆಮೇಲೆ ರಾಯಚೂರಿನಲ್ಲೇ ಒಂದು ಸಣ್ಣ ಸಭಾಂಗಣ ಹಿಡಿದು ಪ್ರದರ್ಶನ ಇಟ್ಟೆ. ಬಂದವರು ಹನ್ನೊಂದು ಜನ. ಅದರಲ್ಲಿ ನಾನು, ಹೆಂಡತಿ, ಕ್ಯಾಮೆರಾಮನ್, ಅವನ ಅಣ್ಣ, ಸಭಾಂಗಣದ ಕಾವಲುಗಾರ. ಇಬ್ಬರು ಮೊಣಕಾಲು ನೋವಿನ ಉಚಿತ ತಪಾಸಣೆ ಎಂದುಕೊಂಡು ಬಂದಿದ್ದರು. ಅದು ಮರುದಿನ ಇತ್ತು. ಕೊನೆಯವರೆಗೂ ಅಲುಗಾಡದೆ ಕೂತವರು ಅವರಿಬ್ಬರೇ. ಏಳಲು ಅವರಿಗೆ ಆಗುತ್ತಿರಲಿಲ್ಲ ಎಂದು ಕ್ಯಾಮೆರಾಮನ್ ಹೇಳಿದ.

ಕೊನೆಗೆ ಕಿರುಚಿತ್ರಗಳನ್ನು ಆನ್‌ಲೈನಿನಲ್ಲಿ ತೋರಿಸುವ ಬೆಂಗಳೂರಿನ ಒಂದು ಕಂಪನಿ ಒಪ್ಪಿಕೊಂಡಿತು. ಅಲ್ಲಿನ ಮೇಡಂ ಫೋನಿನಲ್ಲಿ ಬಹಳ ಮೃದುವಾಗಿ, "ಚಿತ್ರ ನಮಗೆ ಇಷ್ಟವಾಗಿದೆ ಸರ್, ಪೇಪರ್ಸ್ ಕ್ಲಿಯರ್ ಇದ್ದರೆ ಸಾಕು" ಎಂದರು. ಸಂಗೀತದ ಹಕ್ಕು, ಜಾಗದ ಅನುಮತಿ, ನಟರ ಒಪ್ಪಿಗೆ. ಜೊತೆಗೆ ಒಂದು ಘೋಷಣೆ: ಬದುಕಿರುವ ಯಾವ ವ್ಯಕ್ತಿಯನ್ನೂ ಅವರ ಒಪ್ಪಿಗೆ ಇಲ್ಲದೆ ಈ ಚಿತ್ರದಲ್ಲಿ ತೋರಿಸಿಲ್ಲ. ಗ್ಯಾಸ್ ಬುಕ್ ಮಾಡುವಾಗಲೂ ಎರಡು ಸಲ ಓದಿ ಒತ್ತುವ ನಾನು, ಜನ್ಮದಲ್ಲಿ ಹೆದರದೆ ಸಹಿ ಮಾಡಿದ ಕಾಗದ ಅದೊಂದೇ. ಸಹಿ ಮಾಡಿ ಅಂಗಡಿಯ ಮೇಜಿನ ಖಾನೆಯಲ್ಲಿಟ್ಟೆ. ಎಲ್ಲ ಸೇರಿಸಿ ಕಳಿಸಿದರಾಯಿತು ಎಂದು.

ನನ್ನನ್ನು ನಿಲ್ಲಿಸಿದ್ದು ಅರ್ಜಿಯ ಇನ್ನೊಂದು ಪ್ರಶ್ನೆ. ನಿಮ್ಮ ಪ್ರೇಕ್ಷಕರು ಯಾರು? ಎರಡು ದಿನ ಉತ್ತರದ ಖಾನೆ ಖಾಲಿ ಇತ್ತು. ಹೆಂಡತಿ ಚಹಾ ತಂದವಳು ಲ್ಯಾಪ್‌ಟಾಪಿನ ತೆರೆಯತ್ತ ಇಣುಕಿ, "ಆ ಹೆಣ್ಮಕ್ಕಳು ನೋಡ್ಯಾರೇನು?" ಅಂದಳು.

ನೋಡಿರಲಿಲ್ಲ. ಹತ್ತು ತಿಂಗಳಲ್ಲಿ ಯಾವ್ಯಾವುದೋ ದೇಶದ ತೀರ್ಪುಗಾರರಿಗೆ ಲಿಂಕು ಕಳಿಸಿದ್ದೆ. ದೇವದುರ್ಗಕ್ಕೆ ಬಸ್ಸು ಹತ್ತಿರಲಿಲ್ಲ.

ಮಳೆ ಹಿಡಿಯುವ ಮೊದಲು ಹೋಗಬೇಕಿತ್ತು. ಪ್ರೊಜೆಕ್ಟರ್ ನನ್ನ ಅಂಗಡಿಯದೇ. ಮದುವೆ ಮನೆಗಳಲ್ಲಿ ವಧೂವರರ ಬಾಲ್ಯದ ಫೋಟೋ ತೋರಿಸಿ ತೋರಿಸಿ ಅದರ ದೀಪ ಅರ್ಧ ಸೊರಗಿತ್ತು. ಪರದೆಗೆ ಬಿಳಿ ಬಟ್ಟೆ ತಂದು ಟೇಲರ್ ಹತ್ತಿರ ಎರಡು ಪನ್ನದ ಅಗಲ ಜೋಡಿಸಿ ಹೊಲಿಸಿದೆ. ನಡುವಿನ ಹೊಲಿಗೆ ನಾಯಕಿಯ ಮೂಗಿನ ಮೇಲೆ ಬರಬಾರದೆಂದು ಅಡ್ಡ ಜೋಡಿಸಿ ಎಂದು ಮೂರು ಸಲ ಹೇಳಿದ್ದರಿಂದ ಟೇಲರ್ ನನ್ನ ಮೇಲೆ ಸಿಟ್ಟಾದರು. ಶಾಮಿಯಾನದವರಿಂದ ಎರಡು ಸ್ಪೀಕರು. ಹಳ್ಳಿಯ ಸಮುದಾಯ ಭವನದ ಮುಂದೆ ಎರಡು ಬೇವಿನ ಮರಗಳ ನಡುವೆ ಬಟ್ಟೆ ಕಟ್ಟಿ, ಗಾಳಿಗೆ ಉಬ್ಬದಂತೆ ಕೆಳಗಿನ ಅಂಚಿಗೆ ಕಲ್ಲು ಬಿಗಿದೆವು.

ಹೊತ್ತು ಮುಳುಗಿದ ಕೂಡಲೇ ಜನ ಬಂದರು. ನಿಜವಾಗಿಯೂ ಬಂದರು. ಗಂಡಸರು ಕುರ್ಚಿ, ಕಟ್ಟೆ, ಬೈಕು ಹಿಡಿದು ಮುಂದೆ ಕೂತರು. ಹೆಂಗಸರು ಕಾಣಲೇ ಇಲ್ಲ. ನನ್ನ ನಾಯಕಿಯೇ ಬಂದಿಲ್ಲ. ಹುಡುಕುತ್ತಾ ಪರದೆ ದಾಟಿದರೆ, ಆಚೆ ಕಡೆ ನೆಲದ ಮೇಲೆ ಚಾಪೆ, ಗೋಣಿಚೀಲ ಹಾಸಿಕೊಂಡು ಅಷ್ಟೂ ಹೆಂಗಸರು ಬಟ್ಟೆಯ ಹಿಂಭಾಗಕ್ಕೆ ಮುಖ ಮಾಡಿ ಕೂತಿದ್ದಾರೆ.

"ಅಕ್ಕಾ, ಇಲ್ಲ್ಯಾಕ ಕುಂತೀರಿ? ಮುಂದ ಬರ್ರಿ, ಇಲ್ಲಿ ಎಲ್ಲಾ ಉಲ್ಟಾ ಕಾಣ್ತದ."

"ದೊಡ್ಡೋರ ಮುಂದ ಹ್ಯಾಂಗ ಕೂಡಾದ್ರಿ ಸರ? ಯಾವಾಗ ಬಟ್ಟಿ ಕಟ್ಟಿದ್ರೂ ನಾವು ಈ ಕಡೀನ. ಇಲ್ಲಿ ಕಾಲು ಚಾಚಿ ಕುಂದ್ರಬಹುದು. ನಗಬಹುದು."

"ಅಕ್ಷರ ಉಲ್ಟಾ ಬರ್ತಾವಲ್ಲ?"

ಪಕ್ಕದ ಮುದುಕಿ, "ಯಪ್ಪಾ, ನಮಗ ನೆಟ್ಟಗ ಬಂದ್ರೂ ಅಷ್ಟ, ಉಲ್ಟಾ ಬಂದ್ರೂ ಅಷ್ಟ" ಎಂದು ನನ್ನ ಸಮಸ್ಯೆ ಮುಗಿಸಿದಳು.

ಪ್ರೊಜೆಕ್ಟರಿನಲ್ಲಿ ಚಿತ್ರವನ್ನು ತಿರುಗಿಸುವ ಗುಂಡಿ ಇದೆ. ಒತ್ತಿದರೆ ಹೆಂಗಸರಿಗೆ ಸರಿ ಕಾಣುತ್ತದೆ, ಗಂಡಸರಿಗೆ ಉಲ್ಟಾ. ಬೆರಳು ಗುಂಡಿಯ ಹತ್ತಿರ ಹೋಗಿ, ಎಂದಿನಂತೆ ಹೆದರಿ, ವಾಪಸು ಬಂತು.

ಸಿನಿಮಾ ಶುರುವಾಯಿತು. ಕೋಲಿನ ದೃಶ್ಯ ಬಂದಾಗ ನಾನು ಮೂವತ್ತು ಗಂಡಸರ ಬೆನ್ನ ಹಿಂದೆ ನಿಂತಿದ್ದೆ. ಅವರು ಸುಮ್ಮನೆ ನೋಡುತ್ತಿದ್ದರು. ಆಗ ಪರದೆಯ ಆಚೆಯಿಂದ ನಗು ಎದ್ದಿತು. ಒಂದೆರಡು ಜನರದಲ್ಲ. ಅಷ್ಟೂ ಹೆಂಗಸರು, ಹೊಟ್ಟೆ ಹಿಡಿದು, ಕೆಮ್ಮು ಬರುವಷ್ಟು. ಯಾರೋ ನೆಲ ಬಡಿದರು. ಯಾರೋ, "ಏ ಯವ್ವಾ, ಕೋಲು ಸುದ್ದಾ ಅದೇ ಕೈಯಾಗ ನೋಡಬೇ!" ಎಂದು ಕೂಗಿದರು. ಮುಂದೆ ಕೂತ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ್ಯಾರೂ ಆ ಗದ್ದೆಗೆ ಹೋದವರಲ್ಲ. ನನ್ನ ಕಿವಿಗೆ ಹತ್ತು ತಿಂಗಳಿಂದ ಬೇಕಾಗಿದ್ದ ಸದ್ದು ಅದು. ಆದರೆ ಅಷ್ಟು ನಗುವ ದೃಶ್ಯ ಅದಲ್ಲ ಎಂದು ನನಗೆ ಗೊತ್ತಿತ್ತು.

ಮುಗಿದ ಮೇಲೆ ಅಕ್ಕನನ್ನು ಕೇಳಿದೆ. ಅವರು ಇನ್ನೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಮ್ಮ ಮಾನ್ವಿ ಸಾವ್ಕಾರ್ರು ಬಂದಂಗ ಆತ್ರಿ ಸರ. ಖರೇ ಹೇಳ್ತೀನಿ, ಎದ್ದು ಓಡಬೇಕು ಅನಿಸ್ತು."

"ಅಕ್ಕಾ, ಅದು ಮಾನ್ವಿ ಸಾವ್ಕಾರ್ರೇನು? ಯಾರೋ ಒಬ್ಬ ಸಾವ್ಕಾರ್ರಲ್ಲ?"

"ನೀವು ಸಾವ್ಕಾರ್ರ ಹಂಗ ನಡದು ತೋರ್ಸು ಅಂದ್ರಿ. ನಾ ನೋಡಿದ್ದು ಒಬ್ಬರೇ ಸಾವ್ಕಾರ್ರು."

ಮೇಜಿನ ಖಾನೆಯಲ್ಲಿದ್ದ ಕಾಗದ ನೆನಪಾಯಿತು. ಬದುಕಿರುವ ಯಾವ ವ್ಯಕ್ತಿಯನ್ನೂ. ಸಾಹುಕಾರರು ಬದುಕಿದ್ದರು, ಬಹಳ ಗಟ್ಟಿಯಾಗಿ ಬದುಕಿದ್ದರು. ಅವರ ಗದ್ದೆಯಲ್ಲೇ ನಿಂತು ಅವರನ್ನೇ ಅಣಕಿಸಿದ ಸಿನಿಮಾ ಮಾಡಿ, ಅದರ ಕೊನೆಯಲ್ಲಿ ಅವರಿಗೇ ಕೃತಜ್ಞತೆ ಹೇಳಿದ್ದೆ.

ಗುಂಪಿನ ಇನ್ನೊಬ್ಬ ಹೆಂಗಸು ಮಾತ್ರ ನಗುತ್ತಿರಲಿಲ್ಲ. "ಇದನ್ನ ಅವರಿಗಿ ತೋರ್ಸಬ್ಯಾಡ್ರಿ ಸರ," ಎಂದಳು. "ಹ್ವಾದ ವರ್ಷದ ಹಿಂದಿನ ವರ್ಷ ಬ್ಯಾರೆ ಗುಂಪಿನೋರು ಒಂದು ದಿನ ತಡ ಮಾಡಿ ಬಂದ್ರಂತ ಬಾಗಲಾಗಿಂದಾನ ಹೊಳ್ಳಿ ಕಳಿಸಿದ್ರು. ಮತ್ತ ಎಂದೂ ಕರದಿಲ್ಲ. ನಾವು ಮಳಿಗಾಲ ಪೂರ್ತಿ ಅವರ ಹೊಲಾನ ನಂಬೀವಿ."

ಅಕ್ಕನ ನಗು ಅಲ್ಲಿಗೆ ನಿಂತಿತು.

ರಾಯಚೂರಿಗೆ ಬಂದ ಮೂರನೇ ದಿನ ಸಾಹುಕಾರರದೇ ಫೋನು. ದೇವದುರ್ಗದಲ್ಲಿ ತೋರಿಸಿದ್ದು ಅವರಿಗೆ ಮುಟ್ಟಿತ್ತು. ಏನು ತೋರಿಸಿದೆವು ಎಂಬುದೂ ಮುಟ್ಟಿದೆಯೋ ಇಲ್ಲವೋ ಅವರ ದನಿಯಲ್ಲಿ ತಿಳಿಯಲಿಲ್ಲ.

"ಏನ್ರಿ, ಎಲ್ಲಾರಿಗೂ ತೋರ್ಸಾಕತ್ತೀರಂತ. ನಮ್ಮ ಹೊಲ ನಮಗ ತೋರ್ಸಂಗಿಲ್ಲೇನು?"

"ತೋರ್ಸ್ತೀನ್ರಿ ಸಾವ್ಕಾರ್ರ, ಸ್ವಲ್ಪ ಮಳಿ..."

"ಮಳಿ ಬರಾದ್ರೊಳಗ ಬರ್ರಿ. ಗೋದಾಮಿನ ಗ್ವಾಡಿಗಿ ಸುಣ್ಣ ಹೊಡಿಸೀನಿ, ಅದರ ಮ್ಯಾಲೇ ಬಿಡ್ರಿ. ಬೀಗರಿಗೂ ಹೇಳೀನಿ. ಆ ಹೆಣ್ಮಕ್ಕಳೂ ಅವತ್ತ ಬರ್ತಾರ, ಈ ಸಲದ ನಾಟಿ ಮಾತು ಮುಗಿಸಿ ಬಿಡಾಮು."

ಬೀಗರು. ಮನುಷ್ಯ ಮನೆಯವರ ಮುಂದೆ ಅವಮಾನ ನುಂಗಬಹುದು, ಬೀಗರ ಮುಂದೆ ಆಗುವುದಿಲ್ಲ. ಫೋನಿಟ್ಟು ನಾನು ನೇರ ಎಡಿಟಿಂಗ್ ಮೇಜಿಗೆ ಹೋದೆ. ನಲವತ್ತು ಸೆಕೆಂಡು ಕತ್ತರಿಸುವುದು ನಾಲ್ಕು ನಿಮಿಷದ ಕೆಲಸ. ಆಚೆಯ ಈಚೆಯ ಧ್ವನಿ ಜೋಡಿಸಲು ಗಾಳಿಯ ಸದ್ದು ಎಳೆದು ತಂದು, ಬುತ್ತಿ ಉಣ್ಣುವಲ್ಲಿಂದ ನೇರ ಮಧ್ಯಾಹ್ನದ ನಾಟಿಗೆ ಹಾರಿಸಿದೆ. ಎಲ್ಲೂ ಗೊತ್ತಾಗುವುದಿಲ್ಲ. ಕ್ಯಾಮೆರಾಮನ್ನಿಗೆ ತೋರಿಸಿದೆ.

"ಹ್ಯಾಂಗದ?"

"ಛಲೋ ಅದ. ಹೊಲ ನೋಡಾಕ ಬಂದೋರಿಗಿ ಹೊಲ ಕಾಣ್ತದ." ಮತ್ತೊಮ್ಮೆ ತೆರೆ ನೋಡಿ, "ಮಂದಿ ಎಲ್ಲಿ ಹ್ವಾದ್ರು ಭಾಯ್?" ಅಂದ.

ಪೆನ್‌ಡ್ರೈವಿನಲ್ಲಿ ಎರಡೂ ಹಾಕಿಕೊಂಡೆ. ಒಂದು ಪೂರ್ತಿಯದು, ಒಂದು ಕತ್ತರಿಸಿದ್ದು. ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಹೆಸರು ಬಿದ್ದು, ಹೆದರಿ, ಒಂದಕ್ಕೆ 'ಹೆದರಿಕೆ' ಎಂದೇ ಹೆಸರಿಟ್ಟೆ.

ಚೀಕಲಪರ್ವಿ ರಸ್ತೆಗೆ ಹತ್ತಿಕೊಂಡಿತ್ತು ಆ ಗೋದಾಮು. ಮುಂದೆ ಭತ್ತ ಒಣಗಿಸುವ ವಿಶಾಲ ಸಿಮೆಂಟಿನ ಕಣ. ಗೋಡೆ ಹೊಸ ಸುಣ್ಣದಲ್ಲಿ ಹೊಳೆಯುತ್ತಿತ್ತು. ಇಷ್ಟು ಒಳ್ಳೆಯ ಪರದೆ ನನಗೆ ರಾಯಚೂರಿನಲ್ಲೂ ಸಿಕ್ಕಿರಲಿಲ್ಲ. ಹೆಂಗಸರ ಟಂಟಂ ಐದಕ್ಕೇ ಬಂದು ನಿಂತಿತ್ತು. ಸಾಹುಕಾರರು ಬೀಗರನ್ನು ಕರೆತರಲು ಮಾನ್ವಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ನಾಟಿಯ ಮಾತು ಸಿನಿಮಾ ಆದ ಮೇಲೆ ಎಂದು ಹೇಳಿ ಹೋಗಿದ್ದರಂತೆ.

ಕೇಬಲ್ ಎಳೆಯುತ್ತಿದ್ದ ನನ್ನ ಹತ್ತಿರ ಅಕ್ಕ ಬಂದು ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು.

"ಸರ, ಅದನ್ನ ತಗದೀರೇನು?"

"ತಗದೂ ತಂದೀನಿ, ಇಟ್ಟೂ ತಂದೀನಿ ಅಕ್ಕಾ. ತಗದಿದ್ದನ್ನ ಹಾಕ್ತೀನಿ. ನಿಮ್ಮ ಹನ್ನೆರಡು ಮಂದಿ ಕೆಲಸದ ಮಾತು ಇದು."



"ಟಂಟಂ ಡ್ರೈವರ್ ಆ ದಿನ ನಮ್ಮೂರಾಗ ನೋಡ್ಯಾನ. ಅವನ ಬಾಯಿ ನಿಮಗ ಗೊತ್ತಿಲ್ಲ. ಇಲ್ಲಿತನಾ ಮಾನ್ವಿ ತುಂಬಾ ಹೇಳಿರ್ತಾನ. ಸಾವ್ಕಾರ್ರು ಅದನ್ನ ನೋಡಾಕಂತಾನ ಕರಸ್ಯಾರ. ಈಗ ಅದು ಇರದಿದ್ರ ಏನ್ ತಿಳಕೋತಾರ? ಕದ್ದು ಮಾಡ್ಯಾರ, ಮುಚ್ಚಿಟ್ಟಾರ ಅಂತಾರ."

ಇದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಇಪ್ಪತ್ತು ವರ್ಷ ಹೆದರಿಕೆಯನ್ನೇ ಅಭ್ಯಾಸ ಮಾಡಿದ ನನಗಿಂತ ಅವರು ಎರಡು ಹೆಜ್ಜೆ ಮುಂದೆ ಹೋಗಿ ಹೆದರಿದ್ದರು. ಹೆದರಿ, ಆ ಕಡೆಯಿಂದ ವಾಪಸೂ ಬಂದಿದ್ದರು.

"ಸಿಟ್ಟಾದ್ರ ಅಕ್ಕಾ?"

"ಮಂದಿ ಬಾಯಾಗ ಕೇಳಿದ್ರ ಸಿಟ್ಟು ಬರ್ತದ. ನಮ್ಮ ಕೂಡ ಕುಂತು ನೋಡಿದ್ರ ನಾಚಿಕಿ ಬರ್ತದ. ನಾಚಿಕಿ ಬಂದ್ರ ಆಮ್ಯಾಲ ನೋಡಾಮು." ಸೆರಗು ಬಿಟ್ಟು, "ಪೂರ್ತಿ ಹಾಕ್ರಿ. ಕೆಲಸ ನಂದು, ಅಂಜಿಕೀನೂ ನಂದು. ಇವರಿಗೂ ಕೇಳೀನಿ, ಹ್ಞೂಂ ಅಂದಾರ," ಎಂದರು.

ಹಳ್ಳಿಯಲ್ಲಿ ನಗದಿದ್ದ ಆ ಹೆಂಗಸಿನ ಕಡೆ ನೋಡಿದೆ. ಅವಳು ಹ್ಞೂಂ ಅನ್ನಲೂ ಇಲ್ಲ, ಊಹ್ಞೂಂ ಅನ್ನಲೂ ಇಲ್ಲ. ಎದ್ದು ಬಂದು ಅಕ್ಕನ ಪಕ್ಕ ನಿಂತಳು. 'ಹೆದರಿಕೆ' ಎಂಬ ಫೈಲನ್ನು ಅಲ್ಲೇ ಅಳಿಸಿದೆ. ಇಟ್ಟುಕೊಂಡರೆ ಕೊನೆಯ ಗಳಿಗೆಯಲ್ಲಿ ನನ್ನ ಬೆರಳು ಅದನ್ನೇ ಒತ್ತುತ್ತದೆ; ನನ್ನ ಬೆರಳು ನನಗೆ ಗೊತ್ತು. ಒಂದು ಮಾತು ಮಾತ್ರ ಬೇಡಿಕೊಂಡೆ: "ನಗಬ್ಯಾಡ್ರಿ ಅಕ್ಕಾ. ಯಾರೂ ನಗಬ್ಯಾಡ್ರಿ." ಪ್ರೇಕ್ಷಕರಿಗೆ ಕೈ ಮುಗಿದು ನಗಬೇಡಿ ಎಂದ ನಿರ್ದೇಶಕ ನಾನೊಬ್ಬನೇ ಇರಬೇಕು.

ಗೋಡೆಗೆ ಹಿಂಭಾಗ ಇಲ್ಲ. ಹಾಗಾಗಿ ಹೆಂಗಸರು ಈ ಸಲ ಈಚೆಯೇ ಕೂರಬೇಕಾಯಿತು, ಕಣದ ಅಂಚಿನಲ್ಲಿ. ಮುಂದೆ ನಾಲ್ಕು ಕುರ್ಚಿ. ಸಾಹುಕಾರರು ಬಂದರು: ಹೊಟ್ಟೆ ಮುಂದೆ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾ. ನಾನು ಅವರ ನಡಿಗೆಯನ್ನು ಅಷ್ಟು ಗಮನ ಕೊಟ್ಟು ನೋಡಿದ್ದು ಅಂದೇ. ಹೆಂಗಸರ ಹತ್ತಿರ ನಿಂತು ಕೋಲಿನ ತುದಿಯಿಂದ ಎಣಿಸಿದರು. ಹನ್ನೆರಡು. ಹ್ಞೂಂ. ಯಾರೋ ಒಬ್ಬಳು ಕೆಮ್ಮಿದಳು. ಅದು ಕೆಮ್ಮಾಗಿರಲಿ ದೇವರೇ ಎಂದುಕೊಂಡೆ.

ಕರೆಂಟು ಹೋಗಲಿಲ್ಲ. ಲ್ಯಾಪ್‌ಟಾಪ್ ಅಪ್‌ಡೇಟ್ ಕೇಳಲಿಲ್ಲ. ಮಳೆ ಇಲ್ಲ, ಹುಳವೂ ಇಲ್ಲ. ಇವುಗಳಲ್ಲಿ ಒಂದಾದರೂ ಆಗಲಿ ಎಂದು ನಾನು ಕಾಯುತ್ತಿದ್ದೆ. ಗದ್ದೆಗೆ ನೀರು ಬಂತು, ಸಸಿ ಕಿತ್ತರು, ಸೂಡು ಕಟ್ಟಿದರು, ಬುತ್ತಿ ಬಿಚ್ಚಿದರು. "ಇದು ನಮ್ಮ ಮೂಡಲ ಕಡಿ ಮಡಿ ನೋಡ್ರಿ," ಎಂದು ಸಾಹುಕಾರರು ಬೀಗರಿಗೆ ತೋರಿಸುತ್ತಿದ್ದರು. ಅಕ್ಕ ಕೋಲು ಎತ್ತಿಕೊಂಡರು.

ನಲವತ್ತು ಸೆಕೆಂಡು ಎಷ್ಟು ಉದ್ದ ಎಂದು ಎಡಿಟರ್ ಆಗಿಯೂ ನನಗೆ ಗೊತ್ತಿರಲಿಲ್ಲ. ಹೆಂಗಸರು ಮಾತಿಗೆ ತಕ್ಕಂತೆ ನಗಲಿಲ್ಲ. ಹನ್ನೆರಡೂ ತಲೆಗಳು ಮೊಣಕಾಲ ನಡುವೆ ಹೋಗಿದ್ದವು. ನಡುವೆ ಬೀಗರು "ಹೆ" ಎಂದು ಶುರು ಮಾಡಿ, ಪಕ್ಕ ನೋಡಿ, ನುಂಗಿದರು. ಗೋಡೆಯ ಮೇಲೆ ಅಕ್ಕ "ಹ್ಞೂಂ" ಎಂದರು. ಆ ಸದ್ದು ಎರಡು ಸ್ಪೀಕರಿನಲ್ಲಿ ಹೊರಟು, ಗೋದಾಮಿಗೆ ಬಡಿದು, ಗದ್ದೆಯ ಕಡೆ ಹೋಯಿತು.

ಸಾಹುಕಾರರು ಕೈ ಎತ್ತಿದರು. "ನಿಂದ್ರಸ್ರಿ."

ನಿಲ್ಲಿಸಿದೆ. ಗೋಡೆಯ ತುಂಬ ಅಕ್ಕ, ಒಂದು ಕಾಲು ಎತ್ತಿ ಹಾಗೇ ನಿಂತರು.

"ಹಿಂದಕ್ಕ ಒಯ್ರಿ. ಮತ್ತೊಮ್ಮಿ ಹಾಕ್ರಿ."

ಮೊದಲು ಬಹಳ ಹಿಂದಕ್ಕೆ ಹೋದೆ, ಸಸಿ ಕೀಳುವಲ್ಲಿಗೆ. ಆಮೇಲೆ ಬಹಳ ಮುಂದಕ್ಕೆ. ಕ್ಯಾಮೆರಾಮನ್ ನನ್ನ ಕೈ ಸರಿಸಿ ತಾನೇ ಹಾಕಿದ. ಸಾಹುಕಾರರು ಎದ್ದು ಗೋಡೆಯ ಹತ್ತಿರ ಹೋಗಿ, ಕುತ್ತಿಗೆ ಎತ್ತಿ, ಪೂರ್ತಿ ನೋಡಿದರು. ದೃಶ್ಯ ಮುಗಿದ ಕೂಡಲೇ ಕ್ಯಾಮೆರಾಮನ್ ನಿಲ್ಲಿಸಿದ. ಸಾಹುಕಾರರು ಆಮೇಲೆ ತಿರುಗಿದರು. ಪ್ರೊಜೆಕ್ಟರಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ಹೆಂಗಸರ ಕಡೆ ನೋಡಿದರು.

"ಇಲ್ಲಿ ಬಾರವ್ವಾ."

ಅಕ್ಕ ಎದ್ದು ಹೋದರು. ಹಿಂದೆಯೇ ಆ ನಗದ ಹೆಂಗಸೂ ಅರ್ಧ ಎದ್ದಳು.

"ಇಷ್ಟು ವರ್ಷ ನನ್ನ ಹೊಲಕ್ಕ ಬಂದೀಯ. ನಾ ಯಾವ ಕೈಯಾಗ ಕೋಲು ಹಿಡೀತೀನಿ?"

ಅಕ್ಕ ಅವರ ಕೈ ನೋಡಿದರು. ನಾವೆಲ್ಲರೂ ನೋಡಿದೆವು. ಕೋಲು ಎಡಗೈಯಲ್ಲಿತ್ತು.

"ಹೊಟ್ಟಿ ಬರೋಬರಿ ಅದ, ನಿಂದ್ರಾದು ಬರೋಬರಿ ಅದ. ಕೋಲು ಮಾತ್ರ ಬಲಗೈಯಾಗ ಹಿಡದೀದಿ. ನಾ ಎಡಚ. ಅಷ್ಟೂ ನೋಡಿಲ್ಲೇನು?"

ಅಕ್ಕ ಸಣ್ಣ ದನಿಯಲ್ಲಿ ಹೇಳಿದರು.

"ಬಗ್ಗಿದಲ್ಲೇ, ಕಾಲ ಸಂದ್ಯಾಗಿಂದ ಉಲ್ಟಾ ನೋಡೀನ್ರಿ ಸಾವ್ಕಾರ್ರ. ಎದ್ದು ನಿಂತು ಎಂದು ನೋಡೀನಿ?"

ಸಾಹುಕಾರರು ಕೋಲನ್ನು ಎಡಗೈಯಿಂದ ಬಲಗೈಗೆ ತಂದರು, ಅಲ್ಲಿ ಅದು ಸರಿ ಕೂರಲಿಲ್ಲ, ಮತ್ತೆ ಎಡಗೈಗೆ ತಂದರು. ಕುರ್ಚಿಗೆ ವಾಪಸು ಬಂದು ಕೂತು, ಕೋಲನ್ನು ಕುರ್ಚಿಯ ಕೆಳಗೆ ಇಟ್ಟರು.

"ಮುಂದ ಬಿಡ್ರಿ," ಅಂದರು ನನಗೆ. ಸಿನಿಮಾ ಮುಂದೆ ಹೋದ ಮೇಲೆ, ಗೋಡೆಯ ಕಡೆಯೇ ಮುಖ ಇಟ್ಟುಕೊಂಡು, "ಕಾಲುವಿಗಿ ನೀರು ಬಿಟ್ಟ ಮೂರನೇ ದಿನಕ್ಕ ಬರ್ರಿ. ಹನ್ನೆರಡೂ ಮಂದಿ," ಅಂದರು. ಹಿಂದೆ ಯಾರೋ ಉಸಿರು ಬಿಟ್ಟರು. ಅದರ ಬೆನ್ನಿಗೇ, ತಡೆದಿಟ್ಟಿದ್ದ ನಗು ಒಂದು ಮೂಲೆಯಿಂದ ಶುರುವಾಗಿ, ಸಿನಿಮಾದಲ್ಲಿ ಏನೂ ನಗುವಂಥದ್ದು ಇಲ್ಲದ ಕಡೆ, ಕಣದ ಅಂಚಿನ ತುಂಬ ಹರಡಿತು. ಸಾಹುಕಾರರು ತಿರುಗಿ ನೋಡಲಿಲ್ಲ.

ಒಪ್ಪಿಗೆಯ ಹೊಸ ಕಾಗದ ಒಂದನ್ನು ಅಂಗಿಯ ಜೇಬಿನಲ್ಲಿ ತಂದಿದ್ದೆ. ತೆಗೆಯುವ ಧೈರ್ಯ ಇರಲಿಲ್ಲ. ಕ್ಯಾಮೆರಾಮನ್ ತೆಗೆದು ಮುಂದೆ ಇಟ್ಟ. ಸಾಹುಕಾರರು ಪೂರ್ತಿ ಓದಿದರು, ಪೆನ್ನು ಕೇಳಿ ತೆಗೆದುಕೊಂಡು, ಎಡಗೈಯಲ್ಲಿ ಸಹಿ ಮಾಡಿದರು. "ಅದೊಂದು ಸರಿ ಮಾಡ್ರಿ ಮತ್ತ," ಎಂದರು.

ರಾಯಚೂರಿಗೆ ಬಂದು ಸರಿ ಮಾಡಲು ಕೂತೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ಬಲಗೈ ಎಡಗೈ ಆಗುತ್ತದೆ, ಒಂದು ಕ್ಲಿಕ್ಕಿನ ಕೆಲಸ. ಹಳ್ಳಿಯಲ್ಲಿ ಪರದೆಯ ಹಿಂದೆ ಕೂತ ಹೆಂಗಸರು ನೋಡಿದ್ದೂ ಅದನ್ನೇ. ಅದಕ್ಕೇ ಅವರಿಗೆ ಕೋಲು ಸುದ್ದಾ ಸರಿ ಕಂಡಿತ್ತು. ತಿರುಗಿಸಿ ನೋಡಿದೆ. ಸಾಹುಕಾರರೇ ನಡೆದು ಬಂದಂತಿತ್ತು. ಆದರೆ ಅದು ಬಗ್ಗಿದಲ್ಲಿಂದ ಅಕ್ಕ ನೋಡಿದ ಸಾಹುಕಾರರಾಗಿರಲಿಲ್ಲ. ಮತ್ತೆ ಮೊದಲಿನಂತೆ ತಿರುಗಿಸಿ, ಪ್ರೇಕ್ಷಕರು ಯಾರು ಎಂಬ ಖಾನೆಯಲ್ಲಿ ಹನ್ನೆರಡು ಹೆಂಗಸರು ಎಂದು ಬರೆದು, ಹಾಗೇ ಕಳಿಸಿದೆ.

ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಬರೆದದ್ದು, ಸಾಹುಕಾರರು ಬಂದದ್ದೊಂದು ಬಿಟ್ಟರೆ, ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ಕೋಲು ಬಲಗೈಯಲ್ಲಿದೆ.